ಅಪ್‌ಡೇಟ್: ಪುಶ್ ಬಂದರೂ ಆ್ಯಪ್‌ನಲ್ಲಿ ಹಳೆ ರೇಟ್ – ಸರಿಯಾಯಿತು!

ಹೋದ ವಾರ ಕೇಳಿದ್ದೆ: ನನ್ನ ಅಡಿಕೆ ಧಾರಣೆ ಆ್ಯಪ್‌ಗೆ ಪುಶ್ ನೋಟಿಫಿಕೇಶನ್ ಬರುತ್ತದೆ, ಆದರೆ ತೆರೆದರೆ ನಿನ್ನೆಯ ರೇಟೇ ಕಾಣುತ್ತದೆ, ಯಾಕೆ ಅಂತ.

‘ಡೇಟಾ ಮೆಸೇಜ್ (ಪರದೆಯ ಮೇಲೆ ತಾನಾಗಿ ಕಾಣದೆ, ನೇರ ಆ್ಯಪ್‌ನ ಕೋಡ್‌ಗೆ ಹೋಗುವ ಸಂದೇಶ) ಮಾತ್ರ ಕಳಿಸಿ’ ಎಂದವರ ಸಲಹೆಯೇ ಕೈಹಿಡಿಯಿತು. ನಾನು ಎಫ್‌ಸಿಎಂನಲ್ಲಿ (ಪುಶ್ ಕಳಿಸುವ ಗೂಗಲ್‌ನ ಸೇವೆ) ನೋಟಿಫಿಕೇಶನ್, ಡೇಟಾ ಎರಡನ್ನೂ ಒಟ್ಟಿಗೆ ಕಳಿಸುತ್ತಿದ್ದೆ. ಆ್ಯಪ್ ಪರದೆಯ ಮೇಲಿಲ್ಲದೆ ಹಿನ್ನೆಲೆಯಲ್ಲಿದ್ದಾಗ ಆಂಡ್ರಾಯ್ಡ್ ಆ ನೋಟಿಫಿಕೇಶನ್ ಅನ್ನು ನೇರವಾಗಿ ಪರದೆಯ ಮೇಲೆ ತೋರಿಸಿಬಿಡುತ್ತದೆ. ರೇಟ್ ತರುವ ನನ್ನ ಕೋಡ್ ಓಡುವುದೇ ಇಲ್ಲ! ಎರಡು ದಿನ ಸುಮ್ನೆ ಸರ್ವರ್ ಕಡೆ ಹುಡುಕಿದ್ದೆ.

ವರ್ಕ್‌ಮ್ಯಾನೇಜರ್ (ಆಂಡ್ರಾಯ್ಡ್‌ನಲ್ಲಿ ಹಿನ್ನೆಲೆಯ ಕೆಲಸವನ್ನು ಆಗಾಗ ಓಡಿಸುವ ಸಾಧನ) ಬಳಸಿ ಎಂಬ ಇನ್ನೊಂದು ಸಲಹೆ ನನಗೆ ಸಾಕಾಗಲಿಲ್ಲ. ಅದರ ಕನಿಷ್ಠ ಅಂತರ 15 ನಿಮಿಷ, ಫೋನ್ ಡೋಜ್‌ಗೆ (ಸುಮ್ಮನಿಟ್ಟಾಗ ಬ್ಯಾಟರಿ ಉಳಿಸುವ ಸ್ಥಿತಿ) ಹೋದರೆ ಇನ್ನೂ ತಡ. ಎಲ್ಲ ಸಂದೇಶಕ್ಕೂ ಹೈ ಪ್ರಯಾರಿಟಿ (ತಕ್ಷಣ ತಲುಪಿಸಿ ಎಂಬ ಗುರುತು) ಹಾಕುವುದನ್ನೂ ಬಿಟ್ಟೆ. ಬಳಕೆದಾರರಿಗೆ ಏನೂ ತೋರಿಸದೆ ಹಾಗೆ ಕಳಿಸುತ್ತಿದ್ದರೆ ಮುಂದೆ ಎಫ್‌ಸಿಎಂ ಅವುಗಳ ಪ್ರಯಾರಿಟಿಯನ್ನೇ ಇಳಿಸಬಹುದು.

ಐಫೋನ್ ವಿಷಯ ನನಗೆ ನಿಜಕ್ಕೂ ಹೊಸದು. ಆ್ಯಪನ್ನು ಹಿನ್ನೆಲೆಯಲ್ಲೇ ಎಬ್ಬಿಸುವ ಪುಶ್‌ಗಾಗಿ ‘ಕಂಟೆಂಟ್-ಅವೈಲೆಬಲ್’ 1, ಪ್ರಯಾರಿಟಿ 5, ಪುಶ್ ಟೈಪ್ ‘ಬ್ಯಾಕ್‌ಗ್ರೌಂಡ್’ ಎಂದು ಸೆಟ್ಟಿಂಗ್ ಇಟ್ಟೆ, ಪುಶ್ ಬಂತು. ಆದರೆ ಗಂಟೆಗೆ ಎರಡು ಮೂರಕ್ಕಿಂತ ಜಾಸ್ತಿ ಕಳಿಸಬೇಡಿ ಎಂದು ಆಪಲ್ ಹೇಳುತ್ತದೆ. ಆ್ಯಪನ್ನು ಸ್ವೈಪ್ ಮಾಡಿ ಮುಚ್ಚಿದ್ದರೆ ಎಬ್ಬಿಸುವುದೂ ಇಲ್ಲ.

ಹಾಗಾಗಿ ಈಗ ಪುಶ್‌ನಲ್ಲಿ ರೇಟ್ ಕಳಿಸುವುದಿಲ್ಲ, ‘ಹೊಸದು ಬಂದಿದೆ’ ಎಂಬ ಸುಳಿವು ಮಾತ್ರ. ಆ್ಯಪ್ ತೆರೆದಾಗ ಹೇಗೂ ಸರ್ವರನ್ನು ಒಮ್ಮೆ ಕೇಳುತ್ತದೆ. ಕೊಲ್ಯಾಪ್ಸ್ ಕೀ (ತಲುಪದೆ ಉಳಿದ ಹಳೆ ಸಂದೇಶದ ಜಾಗಕ್ಕೆ ಹೊಸದನ್ನು ಇಡುವ ಗುರುತು) ಹಾಕಿದ್ದರಿಂದ, ನೆಟ್‌ವರ್ಕ್ ಇಲ್ಲದ ತೋಟದಿಂದ ಮನೆಗೆ ಬಂದವರಿಗೆ ಕೊನೆಯ ಸುಳಿವು ಒಂದೇ ಸಿಗುತ್ತದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.