ಅಪ್‌ಡೇಟ್: ಬಿ.ಎಚ್. ರಸ್ತೆಯಲ್ಲಿ ನನ್ನ ಸೈಕಲ್‌ಗೆ ಕಾರು ಗುದ್ದಿದ ವಿಚಾರ

ಹೋದ ತಿಂಗಳು ಕೇಳಿದ್ದೆನಲ್ಲ, ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಹಿಂದಿನಿಂದ ಕಾರು ಗುದ್ದಿ ಮಣಿಕಟ್ಟು ಮುರಿಯಿತು, ಸೈಕಲ್‌ಗೆ ಇನ್ಶೂರೆನ್ಸ್ ಇಲ್ಲ, ಪರಿಹಾರ ಕೇಳಬಹುದಾ ಅಂತ. ಖಂಡಿತ ಕೇಳಬಹುದು. ಕಾರಿನ ಥರ್ಡ್ ಪಾರ್ಟಿ ವಿಮೆ ಇರೋದೇ ನಮ್ಮಂಥವರಿಗಾಗಿ.

ಎರಡು ಸಾವಿರ ಕೊಡ್ತೀವಿ, ಇಲ್ಲಿಗೇ ಮುಗಿಸೋಣ ಅಂದರು ಕಾರಿನವರು. ಒಪ್ಪಲಿಲ್ಲ. ಎಫ್‌ಐಆರ್ ಆಗಿದೆ.

ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, 1987ರ ಕಾಯ್ದೆಯಲ್ಲೇ ಇದೆ. ಸಹಾಯವಾಣಿ 15100. ವಕೀಲ ಮೇಡಂ ಮೊದಲು ಕೇಳಿದ್ದೇ ಸೈಕಲ್ ಎಲ್ಲಿದೆ ಅಂತ. ರಿಪೇರಿಗೆ ಕೊಡಬೇಡಿ, ಬೆಂಡಾದ ರಿಮ್, ಮಡ್‌ಗಾರ್ಡಿಗೆ ಹತ್ತಿರೋ ಬಿಳಿ ಪೇಂಟ್ ಎಲ್ಲ ಫೋಟೊ ತೆಗೆದಿಡಿ ಅಂದರು. ಕ್ಲೇಮ್ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಿಬಿಡಬೇಕಂತೆ. ನನ್ನದು ಸೋಮವಾರ ಸಲ್ಲಿಕೆ.