ಕತ್ತಲೆ ಹಾಲ್, ಎರಡಡಿ ಮೀನಿನ ಟ್ಯಾಂಕ್, ಕೈಯಲ್ಲಿ ₹500: ಯಾವ ಗಿಡ ಬದುಕುತ್ತೆ?

ಗಪ್ಪಿಗೌಡ:
ನಮಸ್ಕಾರ. ಬೆಂಗಳೂರಲ್ಲಿ ನೆಲಮಹಡಿಯ ಬಾಡಿಗೆ ಮನೆ ನಮ್ಮದು. ಕಿಟಕಿ ತೆರೆದರೆ ಮೂರಡಿಗೆ ಪಕ್ಕದ ಕಟ್ಟಡದ ಗೋಡೆ. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕದೆ ಪೇಪರ್ ಓದೋಕಾಗಲ್ಲ. ಅಲ್ಲೇ 2 ಅಡಿ ಟ್ಯಾಂಕ್, ಸುಮಾರು 50 ಲೀಟರ್ ನೀರು, ಒಂಬತ್ತು ಗಪ್ಪಿ ಮೀನು. ಮುಚ್ಚಳದಲ್ಲಿ ಒಂದು ನೀಲಿ ಎಲ್‌ಇಡಿ ಪಟ್ಟಿ ಇದೆ. ಹೋದ ತಿಂಗಳು ₹420 ಕೊಟ್ಟು ಮೂರು ಗಿಡ ತಂದೆ: ಬಿಳಿ ಅಂಚಿನ ಉದ್ದ ಎಲೆಯದೊಂದು, ನೇರಳೆ ಎಲೆಯದೊಂದು, ಒಂದು ಅನೂಬಿಯಾಸ್. ನೇರಳೆಯದು ಹತ್ತೇ ದಿನಕ್ಕೆ ಕೊಳೆತು ನಾರಿತು. ಬಿಳಿ ಅಂಚಿನದು ಹಳದಿಯಾಗ್ತಿದೆ. ಅನೂಬಿಯಾಸನ್ನ ಮರಳಲ್ಲಿ ಭದ್ರವಾಗಿ ಊರಿದ್ದೆ, ಅದೂ ಎಲೆ ಉದುರಿಸ್ತಿದೆ. ಮನೆಯವರು "ಪ್ಲಾಸ್ಟಿಕ್ ಗಿಡ ಹಾಕಿ ಸುಮ್ನಿರಿ" ಅಂತಿದ್ದಾರೆ. ಇನ್ನು ₹500 ಮೀರೋ ಹಾಗಿಲ್ಲ.

ಬಾವಿಕಪ್ಪೆ:
ಗೌಡ್ರೇ, ತಪ್ಪು ನಿಮ್ಮ ಹಾಲ್‌ದಲ್ಲ. ಬಿಳಿ ಅಂಚಿನದು ಡ್ರಸೀನಾ, ಲಕ್ಕಿ ಬ್ಯಾಂಬೂ ಕುಲದ್ದು. ನೇರಳೆ ಎಲೆಯದು ಬಹುಶಃ ಹೆಮಿಗ್ರಾಫಿಸ್. ಎರಡೂ ನೆಲದ ಗಿಡಗಳು, ನೀರಲ್ಲಿ ಮುಳುಗಿಸಿದರೆ ನಿಧಾನಕ್ಕೆ ಸಾಯ್ತವೆ. ನಾನೂ ಹೀಗೇ ಎರಡು ಸಲ ಟೋಪಿ ಹಾಕಿಸಿಕೊಂಡಿದ್ದೀನಿ. ಡ್ರಸೀನಾನ ಈಗಲೇ ತೆಗೆದು, ಬೇರು ಮಾತ್ರ ನೀರಲ್ಲಿರೋ ಹಾಗೆ ಬಾಟಲಿಗೆ ಹಾಕಿ, ಉಳಿದರೂ ಉಳೀಬಹುದು.

ಅನೂಬಿಯಾಸ್‌ಗೆ ಅಡ್ಡ ಮಲಗಿದ ದಪ್ಪ ಹಸಿರು ಕಾಂಡ ಇರುತ್ತಲ್ಲ, ಅದನ್ನ ಹೂಳಬಾರದು. ಕಿತ್ತು ಬೆರಳಲ್ಲಿ ಒತ್ತಿ ನೋಡಿ. ಹಸಿಶುಂಠಿ ಥರ ಗಟ್ಟಿಯಿದ್ದರೆ ಜೀವ ಇದೆ. ಮೆತ್ತಗಾದ ಭಾಗವನ್ನ ಬ್ಲೇಡಲ್ಲಿ ಕತ್ತರಿಸಿ ಎಸೆದು, ಉಳಿದದ್ದನ್ನ ಕಲ್ಲಿಗೆ ಕಪ್ಪು ದಾರದಲ್ಲಿ ಕಟ್ಟಿ. ಫೆವಿಕ್ವಿಕ್ ಒಂದು ತೊಟ್ಟೂ ಆಗುತ್ತೆ.

ಕತ್ತಲೆ ಹಾಲ್‌ಗೆ, ₹500ಕ್ಕೆ, ಜಾವಾ ಫರ್ನ್ (ನೀರಲ್ಲಿ ಬೆಳೆಯೋ ಜರೀಗಿಡ) ಒಂದು, ಜಾವಾ ಮಾಸ್ (ನೀರಲ್ಲಿ ಬೆಳೆಯೋ ಹಾವಸೆ) ಒಂದು ಹಿಡಿ ತನ್ನಿ. ಫರ್ನನ್ನೂ ಕಲ್ಲಿಗೇ ಕಟ್ಟಿ. ಅದರ ಎಲೆಯ ಅಡಿ ಕಂದು ಗುಳ್ಳೆಗಳ ಸಾಲು ಕಂಡರೆ ರೋಗ ಅಂತ ಕಿತ್ತುಹಾಕಬೇಡಿ. ಅವು ಬೀಜಕದ ಗಂಟುಗಳು. ಹಳೇ ಎಲೆಯ ಮೇಲೇ ಬೇರಿನ ಸಮೇತ ಮರಿಗಿಡ ಹುಟ್ಟುತ್ತೆ, ಎರಡನೆಯದು ಪುಕ್ಕಟೆ. ಮಾಸ್ ತಂದಾಗ ನಮ್ಮಮ್ಮ "ದುಡ್ಡು ಕೊಟ್ಟು ಪಾಚಿ ತರ್ತಾರೇನೋ!" ಅಂದಿದ್ರು. ಈಗ ಗಪ್ಪಿ ಮರಿ ಅದರಲ್ಲಿ ಅಡಗೋದನ್ನ ಅವರೇ ಎಣಿಸ್ತಾರೆ.

ಆ ನೀಲಿ ಪಟ್ಟಿ ಮೀನಿನ ಬಣ್ಣ ತೋರಿಸೋಕಷ್ಟೇ. ಡಬ್ಬಿ ಮೇಲೆ 6500ಕೆ (ಹಗಲಿನಂಥ ಬಿಳಿ ಬೆಳಕು) ಅಂತಿರೋ 9 ವ್ಯಾಟ್ ಎಲ್‌ಇಡಿ ಬಲ್ಬನ್ನ ಓದೋ ಲ್ಯಾಂಪಿಗೆ ಸಿಕ್ಕಿಸಿ, ನೀರು ಸಿಡಿಯದ ಕಡೆ ಇಡಿ. ದಿನಕ್ಕೆ 6 ತಾಸು ಸಾಕು. ಪಾಪ ಗಿಡಕ್ಕೆ ಅಂತ 12 ತಾಸು ಉರಿಸಿದಿರೋ, ಗಿಡಕ್ಕಿಂತ ಮೊದಲು ಗಾಜಿಗೆ ಪಾಚಿ ಹತ್ತುತ್ತೆ.

ಉಣಕಲ್ ಕೆರಿ:
ಒಂದು ಮಾತು ರೀ. ಪುಕ್ಕಟೆ ಸಿಗತದಂತ ಕೆರಿಯಾಗಿಂದ ಹೈಡ್ರಿಲ್ಲಾ ಗಿಡ ಮಾತ್ರ ತರಬ್ಯಾಡ್ರಿ. ನಾ ತಂದು ತೊಳೀದ ಹಂಗ ಹಾಕಿದ್ದೆ. ಅದರಾಗ ಏರೋಪ್ಲೇನ್ ಚಿಟ್ಟಿ ಮರಿ ಇದ್ದವು. ಹದಿನಾಕು ಗಪ್ಪಿ ಮರಿಯೊಳಗ ಮೂರು ಉಳದ್ವು! ಅಂಗಡಿ ಗಿಡಾನೂ ಒಂದ್ ವಾರ ಬ್ಯಾರೆ ಬಕೀಟಿನ್ಯಾಗ ಇಟ್ಟು, ಬಸವನಹುಳ ಅದಾವೇನು ನೋಡಿ ಹಾಕ್ರಿ.

ಗಪ್ಪಿಗೌಡ:
ಬಾವಿಕಪ್ಪೆಯವರೇ, ಅನೂಬಿಯಾಸ್ ಕಿತ್ತು ನೋಡಿದೆ. ಮುಕ್ಕಾಲು ಭಾಗ ಕೊಳೆತ ಬಾಳೆಹಣ್ಣಿನ ಹಾಗಾಗಿತ್ತು. ತುದಿಯಲ್ಲಿ ಅರ್ಧ ಬೆರಳಷ್ಟು ಗಟ್ಟಿ, ಎರಡು ಎಲೆ. ಕಲ್ಲಿಗೆ ಕಟ್ಟಿದ್ದೀನಿ. ಹೊಸ ಎಲೆ ಎಷ್ಟು ದಿನಕ್ಕೆ?

ಬಾವಿಕಪ್ಪೆ:
ತಿಂಗಳಿಗೊಂದು ಬಿಟ್ಟರೆ ನಿಮ್ಮ ಪುಣ್ಯ. ದಿನಾ ಕಿತ್ತು ನೋಡಬೇಡಿ ಮತ್ತೆ.