ಅಪ್‌ಡೇಟ್: ಮೈಸೂರಿನ ಚಾಕೊಲೇಟ್ ಕಾರ್ಯಾಗಾರ ನೋಡಿ ಬಂದೆವು

ಹತ್ತು ದಿನದ ಹಿಂದೆ ಇಲ್ಲಿ ಕೇಳಿದ್ದೆನಲ್ಲ, ಕೊಕ್ಕೋ ಬೀಜದಿಂದಲೇ ಚಾಕೊಲೇಟ್ ಮಾಡುವವರ ಕಾರ್ಯಾಗಾರವನ್ನು ಒಳಗೆ ಹೋಗಿ ನೋಡೋದು ಹೇಗೆ, ಕೊಂಡದ್ದನ್ನು ಈ ಬಿಸಿಲಲ್ಲಿ ಪುತ್ತೂರಿನವರೆಗೆ ತರೋದು ಹೇಗೆ ಅಂತ. ಎರಡೂ ಆಯ್ತು.

ನೀವು ಕೊಟ್ಟ ಸಲಹೆಗಳಲ್ಲಿ, ನೇರವಾಗಿ ಅಂಗಡಿಗೆ ಹೋಗಿ ಕೇಳಿದರೆ ಸಾಕು ಅನ್ನುವುದು ಫಲಿಸಲಿಲ್ಲ. ಶನಿವಾರ ಕೌಂಟರಿನಲ್ಲಿ ಒಂದಿಷ್ಟು ಕೊಂಡು ಲಾಡ್ಜಿಗೆ ವಾಪಸ್ ಬಂದೆವು. "ಫೋನ್ ಮಾಡಿ, ವಾರದ ದಿನ ಹೋಗಿ" ಎಂದವರು ಹೇಳಿದ್ದೇ ಸರಿ. ಸೋಮವಾರ ಒಂದು ಗಂಟೆ ಪ್ರೀತಿಯಿಂದ ತೋರಿಸಿದರು.

ಹುರಿದ ಬೀಜದ ಘಮ ಇನ್ನೂ ಮೂಗಲ್ಲಿದೆ. ನಮ್ಮ ಇಡ್ಲಿ ಹಿಟ್ಟಿನದರಂಥದೇ ಕಲ್ಲಿನ ಗ್ರೈಂಡರ್, ಎರಡು ಮೂರು ದಿನ ನಿಲ್ಲದೆ ತಿರುಗುತ್ತದೆ! ಅಡಿಕೆ ತೋಟದಲ್ಲಿ ಕೊಕ್ಕೋ ಬೆಳೆದು ಹಸಿಬೀಜ ಮಾರುವ ನಮಗೆ, ರುಚಿ ಹುಟ್ಟುವುದೇ ಬೀಜವನ್ನು ಐದಾರು ದಿನ ಹುಳಿಯಲು ಬಿಟ್ಟಾಗ ಅಂತ ಗೊತ್ತೇ ಇರಲಿಲ್ಲ.

ಇನ್ನು ಕರಗದಂತೆ ಫ್ರಿಜ್ಜಲ್ಲಿಡಿ ಅನ್ನುವ ಸಲಹೆ. ಶನಿವಾರದ್ದನ್ನು ಲಾಡ್ಜಿನ ಫ್ರಿಜ್ಜಲ್ಲಿಟ್ಟಿದ್ದೆ, ಹೊರತೆಗೆದಾಗ ಬೆವತು ಮೇಲೆಲ್ಲ ಬಿಳಿಯಾಯಿತು. ಅದು ಬೂಷ್ಟು ಅಲ್ಲವಂತೆ: ತೇವಕ್ಕೆ ಕರಗಿದ ಸಕ್ಕರೆ ಮತ್ತೆ ಹರಳುಗಟ್ಟಿದ್ದು, ತಿನ್ನಬಹುದು. ಬಿಸಿಗೆ ಕರಗಿ ಗಟ್ಟಿಯಾದಾಗಲೂ ಬಿಳಿ ಬರುತ್ತದೆ, ಅದು ಕೊಕ್ಕೋ ಬೆಣ್ಣೆ, ಅಂದರೆ ಬೀಜದ್ದೇ ಕೊಬ್ಬು.

ಗೆದ್ದದ್ದು ಥರ್ಮೊಕೋಲ್ ಪೆಟ್ಟಿಗೆಯ ಉಪಾಯ. ಐಸ್ ಪ್ಯಾಕನ್ನು ಟವೆಲಲ್ಲಿ ಸುತ್ತಿ, ಚಾಕೊಲೇಟನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು ತಂದೆ. ಮನೆಗೆ ಬಂದ ಮೇಲೆ ತಣುಪು ಪೂರ್ತಿ ಇಳಿಯುವವರೆಗೆ ಡಬ್ಬಿ ತೆರೆಯಲಿಲ್ಲ. ಎಲ್ಲ ಹೊಳಪು ಹೊಳಪಾಗೇ ಇದೆ.

ಹುರಿದ ಬೀಜದ ಸಿಪ್ಪೆಯನ್ನೂ ಒಂದು ಪೊಟ್ಟಣ ತಂದೆ. ಅಮ್ಮ ದಿನಾ ಸಂಜೆ ಬೆಲ್ಲ ಹಾಕಿ ಕುದಿಸಿ ಕುಡಿಯುತ್ತಿದ್ದಾರೆ.